ಕಪಾಟಿನಲ್ಲಿರುವ ಆ ಕ್ಯಾಸೆಟ್ಟುಗಳನ್ನು ಎಸೆಯಬೇಡಿ

ಕಳೆದ ವಾರ ಅಕ್ಕನ ಮಗಳು ದೂರವಾಣಿಯಲ್ಲಿ, "ಮಾವ, ಮನೆ ಬದಲಾಯಿಸುತ್ತಿದ್ದೇವೆ. ಅಪ್ಪ ತೆಗೆದ ಹಳೆಯ ವಿಡಿಯೋ ಕ್ಯಾಸೆಟ್ಟುಗಳು ಒಂದು ಶೂ ಡಬ್ಬಿಯ ತುಂಬ ಇವೆ. ಒಂದೂ ಓಡುತ್ತಿಲ್ಲ. ಎಸೆದುಬಿಡಲೇ?" ಎಂದು ಕೇಳಿದಳು. ಬೇಡವೆಂದು ಹೇಳಿದೆನಾದರೂ ಏಕೆ ಬೇಡವೆಂಬುದನ್ನು ದೂರವಾಣಿಯಲ್ಲಿ ವಿವರಿಸಲು ಸಾಧ್ಯವಾಗಲಿಲ್ಲ. ಇದೇ ಪ್ರಶ್ನೆಯನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕನಿಷ್ಠ ನಾಲ್ಕು ಮಂದಿ ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿದ್ದುಂಟು. ಆದ್ದರಿಂದ ಒಮ್ಮೆ ವಿವರವಾಗಿ ಬರೆದುಬಿಡುವುದೇ ಲೇಸೆಂದು ಕುಳಿತಿದ್ದೇನೆ. ಬರಹ ತುಸು ದೀರ್ಘವಾದರೆ ಮನ್ನಿಸಿರಿ. ಮೇಷ್ಟ್ರಾದವನು ಗಂಟೆ ಬಾರಿಸುವವರೆಗೂ ನಿಲ್ಲಿಸುವುದಿಲ್ಲವೆಂಬುದು ನಿಮಗೆ ಗೊತ್ತಿರುವುದೇ.

ಮೊದಲು ನನ್ನದೇ ಮೂರ್ಖತನದ ಕಥೆ.

1996ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯಲ್ಲಿದ್ದ ಅಕ್ಕ, ಬಾವ ನನ್ನ ತಮ್ಮನ ಮದುವೆಗೆಂದು ಶೆಟ್ಟಿಹಳ್ಳಿಗೆ ಬಂದಿದ್ದರು. ಬಾವನ ಕೈಯಲ್ಲೊಂದು ಕ್ಯಾಮ್‌ಕಾರ್ಡರ್ ಇತ್ತು. ಅಂಗೈ ಅಗಲದ ಕ್ಯಾಸೆಟ್ಟು, ಎಂಟು ಮಿಲಿಮೀಟರ್ ಅಗಲದ ಟೇಪು, ವಿಡಿಯೋ8 ಎಂದು ಅದರ ಹೆಸರು. ಮದುವೆಯ ಮರುದಿನ ಬಾವ ಅವ್ವನನ್ನು ಹಿನ್ನೀರಿನ ಅಂಚಿಗೆ ಕರೆದೊಯ್ದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿಸಿದ್ದು 1979ರಲ್ಲಿ. ಆ ನೀರಿನಲ್ಲಿ ನಮ್ಮ ಗದ್ದೆಗಳು ಹೋದವು, ಬಾವಿ ಹೋಯಿತು, ಕಾಲುದಾರಿ ಹೋಯಿತು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುವುದನ್ನು ಇಂದು ದೂರದೂರುಗಳಿಂದ ಜನ ನೋಡಲು ಬರುತ್ತಾರೆ. ಆದರೆ ಚರ್ಚಿನ ಸುತ್ತ ಇದ್ದ ನಮ್ಮಂಥವರ ಹೊಲಗದ್ದೆಗಳನ್ನು ನೋಡಲು ಯಾರೂ ಬರುವುದಿಲ್ಲ. ಅವು ಎಲ್ಲಿದ್ದವೆಂಬುದು ಅವ್ವನ ತಲೆಯಲ್ಲಿ ಮಾತ್ರ ಇತ್ತು. ಅಂದು ಅವಳು ನೀರಿನ ಅಂಚಿನಲ್ಲಿ ನಿಂತು ಕೈಚಾಚಿ ಒಂದೊಂದನ್ನೂ ತೋರಿಸಿದಳು. ಬಾವ ಅಷ್ಟನ್ನೂ ಚಿತ್ರಿಸಿಕೊಂಡರು.

ಅದೇ ರಾತ್ರಿ ಕ್ಯಾಮರಾವನ್ನು ನಮ್ಮ ಟೀವಿಗೆ ಜೋಡಿಸಿ ನೋಡಿದೆವು. ಚಿತ್ರ ಮೇಲಕ್ಕೆ ಉರುಳುತ್ತಿತ್ತು. ಗುಂಡಿ ತಿರುಗಿಸಿ ನಿಲ್ಲಿಸಿದ ಮೇಲೂ ಬಣ್ಣವಿಲ್ಲ, ಬರೀ ಕಪ್ಪುಬಿಳುಪು. ಟೀವಿ ಹಳೆಯದಾಯಿತೆಂದು ನಾನೇ ಸಮಜಾಯಿಷಿ ನೀಡಿದೆ. ವಿಜ್ಞಾನದ ಮೇಷ್ಟ್ರು! ಊರಿಗೆ ಹೊರಡುವಾಗ ಅಕ್ಕ, "ಅವ್ವನ ಕ್ಯಾಸೆಟ್ಟು ಇಲ್ಲೇ ಇರಲಿ, ಮುಂದಿನ ಸಲ ಬಂದಾಗ ಕಾಪಿ ಮಾಡಿಕೊಂಡರಾಯಿತು" ಎಂದು ಅದನ್ನು ಕಪಾಟಿನಲ್ಲಿಟ್ಟಳು. ಮುಂದಿನ ಸಲ ಬರುವಾಗ ಬಾವನ ಕೈಯಲ್ಲಿ ಬೇರೆಯೇ ಕ್ಯಾಮರಾ ಇತ್ತು. ಕಾಪಿಯ ಮಾತು ಹಾಗೆಯೇ ಉಳಿಯಿತು. 2003ರಲ್ಲಿ ಅವ್ವ ತೀರಿಕೊಂಡಳು.

2009ರಲ್ಲಿ ಆ ಕ್ಯಾಸೆಟ್ಟನ್ನು ಪೇಟೆಯ ಒಂದು ಅಂಗಡಿಗೆ ಕೊಂಡೊಯ್ದೆ. ಅಂಗಡಿಯವನು ತನ್ನ ಕ್ಯಾಮ್‌ಕಾರ್ಡರಿಗೆ ಹಾಕಿದ. ತೆರೆಯ ತುಂಬ ಪಟ್ಟೆಪಟ್ಟೆ ಗೀರುಗಳು, ಬುರುಬುರು ಸದ್ದು. ಅರ್ಧ ನಿಮಿಷವೂ ನೋಡದೆ, "ಹೋಗಿದೆ ಮೇಷ್ಟ್ರೇ, ಟೇಪು ಸತ್ತಿದೆ" ಎಂದ. ನಾನು ನಂಬಿದೆ. ಮನೆಗೆ ತಂದು ಮತ್ತೆ ಕಪಾಟಿನಲ್ಲಿಟ್ಟೆ. ಎಸೆಯಲು ಮನಸ್ಸು ಬಾರದ್ದರಿಂದ ಇಟ್ಟದ್ದೇ ಹೊರತು ಅದರಲ್ಲಿ ಏನಾದರೂ ಉಳಿದಿದೆಯೆಂಬ ನಂಬಿಕೆಯಿಂದಲ್ಲ.

ಹದಿನಾಲ್ಕು ವರ್ಷಗಳ ಬಳಿಕ ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ನನ್ನ ಒಬ್ಬ ವಿದ್ಯಾರ್ಥಿ ಮನೆಗೆ ಬಂದಿದ್ದಾಗ ಮಾತಿನ ನಡುವೆ ಈ ವಿಷಯ ಬಂತು. ಅವನು ಕ್ಯಾಸೆಟ್ಟನ್ನು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದ: "ಸಾರ್, ಇದನ್ನು ತೆಗೆದ ಕ್ಯಾಮರಾ ಯಾವ ದೇಶದ್ದು?"

ಅಷ್ಟೇ. ನನಗೆ ನಾಚಿಕೆಯಾಯಿತು.

ಆ ಕಾಲದಲ್ಲಿ ನಮ್ಮ ದೇಶದ ಟೀವಿ ಪದ್ಧತಿ ಪಾಲ್ ಆಗಿತ್ತು. ಅಲ್ಲಿ ಚಿತ್ರವೊಂದಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅಮೆರಿಕದ್ದು ಎನ್‌ಟಿಎಸ್‌ಸಿ ಆಗಿತ್ತು. ಅಲ್ಲಿ 525 ಗೆರೆಗಳು, ಸೆಕೆಂಡಿಗೆ ಹೆಚ್ಚುಕಡಿಮೆ 30 ಚಿತ್ರಗಳು. ಕ್ಯಾಮ್‌ಕಾರ್ಡರಿನ ಒಳಗೆ ಒಂದು ಪುಟ್ಟ ಉರುಳೆ ಗರಗರನೆ ತಿರುಗುತ್ತಿರುತ್ತದೆ. ಟೇಪನ್ನು ಓದುವ ಹೆಡ್ಡುಗಳು ಇರುವುದು ಅದರ ಮೇಲೆ. ವಿಡಿಯೋ8 ಯಂತ್ರದಲ್ಲಿ ಪಾಲ್ ಆದರೆ ಅದು ನಿಮಿಷಕ್ಕೆ 1500 ಸುತ್ತು, ಎನ್‌ಟಿಎಸ್‌ಸಿ ಆದರೆ 1800 ಸುತ್ತು. ಟೇಪು ಸಾಗುವ ವೇಗವೂ ಬೇರೆ, ಅದರ ಮೇಲೆ ಓರೆಯಾಗಿ ಎಳೆದ ಸಾಲುಗಳ ಅಗಲವೂ ಬೇರೆ. ಅಮೆರಿಕದ ಟೇಪಿನ ಒಂದು ಸಾಲಿನ ಅಗಲ ತಲೆಗೂದಲೊಂದರ ಮೂರನೆಯ ಒಂದು ಭಾಗದಷ್ಟು ಮಾತ್ರ. ನಮ್ಮ ಯಂತ್ರ ಆ ಸಾಲುಗಳ ಮೇಲೆ ಅಡ್ಡಾದಿಡ್ಡಿ ನಡೆದು ಪಟ್ಟೆಗಳನ್ನು ಕಂಡರೆ ಅದು ಟೇಪಿನ ದೋಷವಲ್ಲ. ತಮಿಳು ಬಾರದವನಿಗೆ ತಮಿಳು ಪುಸ್ತಕ ಕೊಟ್ಟು, ಅವನು ಓದಲಾರದೆ ಹೋದಾಗ ಪುಸ್ತಕ ಹಾಳಾಗಿದೆ ಎಂದು ತೀರ್ಪು ಕೊಟ್ಟಂತೆ. 1996ರ ಆ ರಾತ್ರಿಯ ಕಪ್ಪುಬಿಳುಪು ಚಿತ್ರವೇ ನನಗೆ ಇದನ್ನು ಹೇಳಿತ್ತು. ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ಅಮೆರಿಕದಲ್ಲಿ ಬಂಧುಗಳಿರುವ ನಮ್ಮ ಕುಟುಂಬಗಳಲ್ಲಿ ಎಷ್ಟು ಕ್ಯಾಸೆಟ್ಟುಗಳು ಹೀಗೆ ಸುಳ್ಳುಸುಳ್ಳೇ ಸತ್ತಿವೆಯೋ! ಮದುವೆಗಳು, ನಾಮಕರಣಗಳು, ಹಿರಿಯರ ಕೊನೆಯ ಚಿತ್ರಗಳು. ಊರಿಗೆ ಬಂದ ಮಗನೋ ಅಳಿಯನೋ ತೆಗೆದದ್ದೆಲ್ಲ ಎನ್‌ಟಿಎಸ್‌ಸಿ. ಇಲ್ಲಿನ ಯಂತ್ರಗಳೆಲ್ಲ ಪಾಲ್. ಆದ್ದರಿಂದ ನನ್ನ ಮೊದಲ ಮಾತು ಇದೇ. "ಹಾಳಾಗಿದೆ" ಎನ್ನುವ ಮೊದಲು ಅದನ್ನು ಚಿತ್ರಿಸಿದವರು ಯಾರು, ಯಾವ ದೇಶದ ಕ್ಯಾಮರಾ ಎಂದು ವಿಚಾರಿಸಿರಿ.

ಅಕ್ಕನ ಮಗಳೇ ಮುಂದಿನ ರಜೆಗೆ ಬರುವಾಗ, ಬಾವ 2000ದಲ್ಲಿ ಕೊಂಡಿದ್ದ ಡಿಜಿಟಲ್8 ಕ್ಯಾಮ್‌ಕಾರ್ಡರನ್ನು ಮನೆಯಲ್ಲಿ ಹುಡುಕಿ ತಂದಳು. ಬಾವ ಅಷ್ಟು ಹೊತ್ತಿಗೆ ಇರಲಿಲ್ಲ. ಈ ಜಾತಿಯ ಕೆಲವು ಮಾದರಿಗಳು ಹಳೆಯ ವಿಡಿಯೋ8 ಟೇಪನ್ನು ಓದುವುದಷ್ಟೇ ಅಲ್ಲದೆ ಅದನ್ನು ಅಲ್ಲಿಯೇ ಡಿಜಿಟಲ್ ರೂಪಕ್ಕೆ ತಿರುಗಿಸಿ ಗಣಕಯಂತ್ರಕ್ಕೆ ಕಳುಹಿಸುತ್ತವೆ. ಎಲ್ಲ ಮಾದರಿಗಳೂ ಅಲ್ಲ, ಕೊಳ್ಳುವವರು ವಿಚಾರಿಸಿ ಕೊಳ್ಳಬೇಕು. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ಎಂದು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ ಮೇಲೆಯೇ ಪ್ಲಗ್ಗಿಗೆ ಸೇರಿಸಿದೆ.

ಕ್ಯಾಮರಾ ಮಾತೇ ಆಡಲಿಲ್ಲ. ಕಿಟಕಿಯಲ್ಲಿ ನೀರಿನ ಹನಿಯ ಗುರುತೊಂದು ಮಿಣುಕಿತು. ಆಷಾಢದ ಮಳೆ, ಹವಾನಿಯಂತ್ರಿತ ಕಾರಿನಲ್ಲಿ ತಂದಿಳಿಸಿದ ತಣ್ಣನೆಯ ಯಂತ್ರ. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುವುದೇಕೆಂದು ಎಂಟನೆಯ ತರಗತಿಯಲ್ಲಿ ಪ್ರತಿವರ್ಷ ಪಾಠ ಮಾಡಿದವನು ನಾನು. ಅದೇ ಬೆವರು ಒಳಗಿನ ಉರುಳೆಯ ಮೇಲೆ ಕುಳಿತಿದ್ದರೆ ಟೇಪು ಅದಕ್ಕೆ ಅಂಟಿಕೊಂಡು ಹರಿಯುತ್ತದೆ. ಹಾಗಾಗದಿರಲೆಂದು ಯಂತ್ರವೇ ಮುಷ್ಕರ ಹೂಡುತ್ತದೆ. ಇದನ್ನು ಕೆಟ್ಟುಹೋಯಿತೆಂದು ತಿಳಿದು ಬಡಿಯುವುದು, ಗುಂಡಿಗಳನ್ನೆಲ್ಲ ಒತ್ತುವುದು ಅವಿವೇಕ. ಕ್ಯಾಸೆಟ್ಟಿನ ಬಾಗಿಲು ತೆರೆದಿಟ್ಟು ಒಂದು ಗಂಟೆ ಸುಮ್ಮನಿದ್ದರೆ ಸಾಕು. ನಾವು ಕಾಫಿ ಕುಡಿದು, ನಿಪ್ಪಟ್ಟು ತಿಂದು, ಊರಿನ ಸುದ್ದಿಯೆಲ್ಲ ಮಾತನಾಡಿ ಮುಗಿಸುವ ಹೊತ್ತಿಗೆ ಹನಿಯ ಗುರುತು ತಾನಾಗಿ ಮಾಯವಾಗಿತ್ತು.

ಕ್ಯಾಸೆಟ್ಟನ್ನು ಹಾಕುವ ಮೊದಲು ಅದರ ಬೆನ್ನಿನ ಮೇಲಿರುವ ಕೆಂಪು ಪಟ್ಟಿಯನ್ನು ಸರಿಸಿ, ಮೇಲೆ ಬೇರೇನೂ ಅಚ್ಚಾಗದಂತೆ ಭದ್ರಪಡಿಸಿದೆವು. ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ಕಿಟಕಿಯ ಮೂಲಕ ಟಾರ್ಚು ಬಿಟ್ಟು, ಸುರುಳಿಯ ಮೇಲೆ ಬಿಳಿಯ ಬೂಷ್ಟು ಹಿಡಿದಿದೆಯೇ ಎಂದೂ ನೋಡಿದೆವು. ಇರಲಿಲ್ಲ, ಪುಣ್ಯ. ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕಿದರೆ ಅದು ಹೆಡ್ಡಿಗೂ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ನಮ್ಮ ಮಲೆನಾಡಿನಂಚಿನ ತೇವದಲ್ಲಿ ಇದು ಸಾಮಾನ್ಯ ಕಾಯಿಲೆ. ಅಂಥದ್ದನ್ನು ಬೇರೆಯಾಗಿಟ್ಟು ಬಲ್ಲವರ ಕೈಗೆ ಕೊಡಬೇಕು. ಬಹುಕಾಲ ಅಲುಗದೆ ಕುಳಿತ ಟೇಪಿನ ಬಿಗಿ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಮೊದಲು ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ಗುಂಡಿ ಒತ್ತಿದೆವು.

ಚಿತ್ರವಿಲ್ಲ. ಹಿಮ ಸುರಿಯುವಂತೆ ಬಿಳಿಯ ಚುಕ್ಕೆಗಳು. ಶಬ್ದವೂ ಇಲ್ಲ.

ಅಂಗಡಿಯವನ ಮಾತೇ ನಿಜವಾಯಿತೆಂದು ನಾನು ಕೈಚೆಲ್ಲಿದೆ. ವಿದ್ಯಾರ್ಥಿ ಒಪ್ಪಲಿಲ್ಲ. ಅದೇ ಕ್ಯಾಮರಾದಲ್ಲಿ ಅಮೆರಿಕದಲ್ಲಿ ತೆಗೆದಿದ್ದ, ಚೆನ್ನಾಗಿದೆಯೆಂದು ಗೊತ್ತಿದ್ದ ಇನ್ನೊಂದು ಕ್ಯಾಸೆಟ್ಟನ್ನು ಹಾಕಿದ. ಅದರಲ್ಲೂ ಹಿಮ! ಎರಡು ಕ್ಯಾಸೆಟ್ಟೂ ಒಂದೇ ರೀತಿ ವಿಫಲವಾದರೆ ತಪ್ಪು ಕ್ಯಾಸೆಟ್ಟಿನದಲ್ಲ, ಯಂತ್ರದ್ದು. ಪರೀಕ್ಷೆಯಲ್ಲಿ ತರಗತಿಯೆಲ್ಲ ಒಂದೇ ಪ್ರಶ್ನೆಯಲ್ಲಿ ತಪ್ಪಿದರೆ ಮಕ್ಕಳನ್ನು ಬಯ್ಯದೆ ಪ್ರಶ್ನೆಯನ್ನೋ ಪಾಠವನ್ನೋ ನೋಡಿಕೊಳ್ಳಬೇಕೆಂದು ಬಿ.ಎಡ್.ನಲ್ಲಿ ನಮಗೆ ಕಲಿಸಿದ್ದರು. ಹೆಡ್ಡಿನ ಮೇಲೆ ಟೇಪಿನ ಪುಡಿ ಕೂತಿತ್ತು. ಹಳೆಯ ವಿಎಚ್‌ಎಸ್ ಯಂತ್ರಗಳಲ್ಲಿ ಶಬ್ದವನ್ನು ಟೇಪಿನ ಅಂಚಿನಲ್ಲಿ ಬೇರೆಯಾಗಿ ಬರೆಯುತ್ತಿದ್ದುದರಿಂದ ಹೆಡ್ಡು ಕಟ್ಟಿಕೊಂಡು ಚಿತ್ರ ಹೋದರೂ ಮಾತು ಕೇಳಿಸುತ್ತಿತ್ತು. ವಿಡಿಯೋ8ರಲ್ಲಿ ಸಾಮಾನ್ಯವಾಗಿ ಮಾತನ್ನೂ ಆ ತಿರುಗುವ ಹೆಡ್ಡುಗಳೇ ಓದಬೇಕು. ಹೀಗಾಗಿ ಎರಡೂ ಒಟ್ಟಿಗೇ ಹೋಗುತ್ತವೆ, ನೋಡುವವನಿಗೆ ಟೇಪು ಪೂರ್ತಿ ಅಳಿಸಿಹೋದಂತೆಯೇ ತೋರುತ್ತದೆ. ಶುಚಿಗೊಳಿಸುವ ಕ್ಯಾಸೆಟ್ಟೊಂದನ್ನು ಹತ್ತು ಸೆಕೆಂಡು ಓಡಿಸಿದ. ಅದಕ್ಕಿಂತ ಹೆಚ್ಚು ಓಡಿಸಿದರೆ ಹೆಡ್ಡೇ ಸವೆಯುತ್ತದಂತೆ. ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜುವ ಸಾಹಸವನ್ನಂತೂ ಯಾರೂ ಮಾಡಬಾರದು. ಎಳೆ ಸಿಕ್ಕಿಕೊಂಡರೆ ಹೆಡ್ಡು ಮುರಿಯುತ್ತದೆ.

ಮತ್ತೆ ಹಾಕಿದ.

ಮದುವೆಯ ಚಪ್ಪರ ಬಂತು. ನನಗೆ ಕಪ್ಪು ಕೂದಲಿತ್ತು. ಸುಮಾರು ಅರ್ಧ ಗಂಟೆಯ ಬಳಿಕ ಅವ್ವ ಬಂದಳು, ಬಣ್ಣದಲ್ಲಿ! ಹಸಿರು ಸೀರೆ. ಅವಳು ಅಂದು ಉಟ್ಟಿದ್ದು ಯಾವ ಬಣ್ಣವೆಂಬುದನ್ನೇ ನಾನು ಮರೆತಿದ್ದೆ. "ಅಗೋ, ಅಲ್ಲಿ ನೀರು ಮಿಣಮಿಣ ಅಂತದಲ್ಲ, ಅದೇ ನಮ್ಮ ಕೆಳಗಲ ಗದ್ದೆ. ಅದರ ತಲೇಲಿ ಹಲಸಿನ ಮರ. ನಿಮ್ಮಪ್ಪ ಎತ್ತು ಬಿಟ್ಕೊಂಡು ಕೂರ್ತಿದ್ದದ್ದು ಅಲ್ಲೇ" ಎಂದು ಹೇಳುತ್ತ ಹೋದಳು. ಹಿಂದೆ ಚರ್ಚಿನ ಗೋಡೆಗಳು ಕಾಣಿಸಿದವು. ಆಮೇಲಿನ ಮಳೆಗಾಲಗಳಲ್ಲಿ ಕುಸಿದ ಭಾಗಗಳೂ ಆ ಚಿತ್ರದಲ್ಲಿ ನಿಂತೇ ಇವೆ. ಇಪ್ಪತ್ತು ವರ್ಷಗಳ ಮೇಲೆ ಅವಳ ದನಿ ಕೇಳಿದ ನಾನು ಏನು ಮಾಡಿದೆನೆಂದು ಇಲ್ಲಿ ಬರೆಯಬೇಕಾಗಿಲ್ಲ.

ಬಾವಿಯ ಜಾಗ ಹೇಳುವ ಹೊತ್ತಿಗೆ ಚಿತ್ರ ಹರಿಯಿತು. ನಾಲ್ಕೈದು ಸೆಕೆಂಡು ಗೀರು, ಮತ್ತೆ ಅವ್ವ "...ಅಲ್ಲಿಂದ ಎಡಕ್ಕೆ" ಎನ್ನುತ್ತಿದ್ದಳು. ಮೂರು ಸಲ ಓಡಿಸಿದೆವು. ಮೂರು ಸಲವೂ ಅದೇ ಜಾಗದಲ್ಲಿ ಅಷ್ಟೇ ಹೊತ್ತು. ಗೀರು ಪ್ರತಿ ಸಲ ಬೇರೆ ಬೇರೆ ಕಡೆ ಬಂದರೆ ಯಂತ್ರದ ದೋಷ, ಒಂದೇ ಕಡೆ ಬಂದರೆ ಟೇಪಿನದೇ ಗಾಯ. ಹೀಗೆ ಬಾವಿ ಎಲ್ಲಿತ್ತೆಂಬುದು ಹೋಯಿತು. 2009ರಲ್ಲಿ ಅಂಗಡಿಯ ಯಂತ್ರದಲ್ಲಿ ಎಳೆದಾಡಿದಾಗ ಆದ ಗಾಯವೋ, ನನ್ನ ಕಪಾಟಿನ ತೇವದಿಂದ ಆದದ್ದೋ ಹೇಳಲಾರೆ. ಅವ್ವ ಇದ್ದಾಗ ಏಳು ವರ್ಷ ಅವಳನ್ನು ಕೇಳಬಹುದಾಗಿತ್ತು, ಕ್ಯಾಸೆಟ್ಟಿನಲ್ಲಿ ಇದೆಯಲ್ಲ ಎಂದು ಕೇಳಲಿಲ್ಲ.

ಈಗ ಕೆಂಪು ಪಟ್ಟಿಯ ವಿಚಾರ. 2001ರಲ್ಲಿ ಅರಿಯರ್ಸ್ ಹಣ ಬಂದಾಗ ನಾನೂ ಒಂದು ಕ್ಯಾಮ್‌ಕಾರ್ಡರ್ ಕೊಂಡೆ. 2002ರ ವಾರ್ಷಿಕೋತ್ಸವದ ನಾಟಕವನ್ನು ಪೂರ್ತಿ ಚಿತ್ರಿಸಿಕೊಂಡಿದ್ದು ಆ ವರ್ಷದ ಹತ್ತನೆಯ ತರಗತಿಯವರಿಗೆ ನೆನಪಿರಬಹುದು. "ಸಾರ್, ಆ ಕ್ಯಾಸೆಟ್ಟು ಎಲ್ಲಿ?" ಎಂದು ನೀವು ಹಲವರು ಕೇಳಿದಾಗಲೆಲ್ಲ "ಹುಡುಕಬೇಕಪ್ಪ" ಎಂದು ಜಾರಿಕೊಂಡಿದ್ದೇನೆ. ನಿಜ ಹೇಳುತ್ತೇನೆ. ಮರುವರ್ಷ ನೆರೆಮನೆಯವರ ಗೃಹಪ್ರವೇಶಕ್ಕೆ ಹೊಸ ಕ್ಯಾಸೆಟ್ಟು ಸಿಕ್ಕದೆ ಅದರ ಮೇಲೆಯೇ ಚಿತ್ರಿಸಿದೆ. ಕೊನೆಯ ಆರು ನಿಮಿಷ ಮಾತ್ರ ಉಳಿದಿದೆ, ಅದೂ ಬಹುಮಾನ ವಿತರಣೆ. ಟೇಪಿನ ಮೇಲೆ ಟೇಪು ಬರೆದರೆ ಕೆಳಗಿನದನ್ನು ಯಾವ ಇಂಜಿನಿಯರನೂ ಎತ್ತಿಕೊಡಲಾರ. ಅಂದು ಆ ಪುಟ್ಟ ಕೆಂಪು ಪಟ್ಟಿಯನ್ನು ಬೆರಳಿನಿಂದ ಸರಿಸಿದ್ದರೆ ಸಾಕಾಗಿತ್ತು. ಕ್ಷಮೆ ಕೇಳುತ್ತೇನೆ.

ಇನ್ನೊಂದು ತರಹದ ತೊಂದರೆಯನ್ನೂ ಹೇಳಿಬಿಡುತ್ತೇನೆ. 2006ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ಮಿನಿಡಿವಿ ಕ್ಯಾಸೆಟ್ಟಿನಲ್ಲಿ ಚಿತ್ರಿಸಿಕೊಂಡಿದ್ದ ಸೋದರಸಂಬಂಧಿಯೊಬ್ಬರ ಮನೆಯಲ್ಲಿ ಬಾಹುಬಲಿಯ ಮೈಮೇಲೆಲ್ಲ ಚೌಕ ಚೌಕದ ಬಿಲ್ಲೆಗಳು ಕಾಣಿಸುತ್ತಿದ್ದವು. ಟೇಪು ಉಳಿಸಲೆಂದು ಎಲ್‌ಪಿ ಎಂಬ ಕ್ರಮದಲ್ಲಿ, ಅರುವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ತೊಂಬತ್ತು ನಿಮಿಷ ತುಂಬಿದ್ದರು. ಹಾಗೆ ಸಾಲುಗಳನ್ನು ಒತ್ತೊತ್ತಾಗಿ ಬರೆದ ಮಿನಿಡಿವಿ ಟೇಪನ್ನು ಬೇರೆ ಯಂತ್ರಗಳು ಓದಲು ತಿಣುಕುತ್ತವೆ. ಬರೆದ ಕೈಯೇ ಓದಬೇಕು, ನಮ್ಮ ಕೆಲವು ಹುಡುಗರ ಉತ್ತರ ಪತ್ರಿಕೆಗಳಂತೆ. ಮಗಳ ಮನೆಯ ಅಟ್ಟದಲ್ಲಿದ್ದ ಮೂಲ ಕ್ಯಾಮರಾವನ್ನೇ ಇಳಿಸಿ ಹಾಕಿದಾಗ ಬಿಲ್ಲೆಗಳು ಹೋದವು. ಆದ್ದರಿಂದ ಕ್ಯಾಮರಾ ಓಡುತ್ತಿಲ್ಲವೆಂದು ಗುಜರಿಗೆ ಹಾಕುವವರು ದಯವಿಟ್ಟು ಮೊದಲು ಕ್ಯಾಸೆಟ್ಟುಗಳ ಲೆಕ್ಕ ಹಾಕಿರಿ.

ಏಕೆಂದರೆ ಈ ಯಂತ್ರಗಳು ಮತ್ತೆ ಹುಟ್ಟುವುದಿಲ್ಲ. ವಿಎಚ್‌ಎಸ್ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಟೇಪು ಹಾಕುವ ಕ್ಯಾಮ್‌ಕಾರ್ಡರುಗಳ ಕಾಲವೂ ಮುಗಿದಿದೆ. ಈಗ ಇರುವುದೆಲ್ಲ ಅಟ್ಟದ ಮೇಲಿನವು, ಕೈಯಿಂದ ಕೈಗೆ ಬಂದವು. ರಿಪೇರಿ ಬಲ್ಲವರೂ ನನ್ನ ವಯಸ್ಸಿನವರಾಗುತ್ತಿದ್ದಾರೆ. ನಿವೃತ್ತಿಯಾದ ಮೇಲೆ ನೋಡೋಣ ಎಂದು ಇದನ್ನು ಮುಂದೂಡುವವರಿಗೆ ನಾನು ಹೇಳುವುದಿಷ್ಟೆ, ನಿಮ್ಮ ನಿವೃತ್ತಿಯವರೆಗೆ ಟೇಪು ಕಾದರೂ ಅದನ್ನು ಓದುವ ಯಂತ್ರ ಕಾಯುವುದಿಲ್ಲ.

ಅಂಗಡಿಗೆ ಕೊಡುವುದೇ ಆದರೆ ಮೊದಲು ಅಷ್ಟೇನೂ ಮುಖ್ಯವಲ್ಲದ ಒಂದನ್ನು ಕೊಟ್ಟು ಕೆಲಸ ನೋಡಿರಿ. ಎನ್‌ಟಿಎಸ್‌ಸಿ ಯಂತ್ರವಿದೆಯೇ ಎಂದು ಬಾಯಿಬಿಟ್ಟು ಕೇಳಿರಿ. ಅವರು ಕೊಡುವುದು ಹಿಂಡಿ ಕುಗ್ಗಿಸಿದ ಪ್ರತಿಯೋ ಪೂರ್ತಿಯದೋ ಎಂಬುದನ್ನೂ ಕೇಳಿರಿ. ಪೂರ್ತಿ ಡಿವಿ ಪ್ರತಿಯಾದರೆ ಗಂಟೆಗೆ ಸುಮಾರು 13 ಜಿಬಿ ಬೇಕು. ಇಂದಿನ ಹಾರ್ಡ್ ಡಿಸ್ಕುಗಳಿಗೆ ಅದೇನೂ ಹೊರೆಯಲ್ಲ.

ಇಲ್ಲಿ ನನಗೂ ನನ್ನ ಮಗನಿಗೂ ಭಿನ್ನಾಭಿಪ್ರಾಯವಿದೆ. ಪ್ರತಿ ಮಾಡಿಯಾದ ಮೇಲೆ ಮೂಲ ಕ್ಯಾಸೆಟ್ಟು ಏಕೆ, ಜಾಗ ದಂಡ ಎನ್ನುತ್ತಾನೆ ಅವನು. ಹತ್ತು ಹದಿನೈದು ವರ್ಷಗಳ ಹಿಂದೆ ಹೀಗೆಯೇ ಹೇಳಿ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಡಿವಿಡಿಗೆ ಇಳಿಸಿ ಮೂಲಗಳನ್ನು ಎಸೆದವರನ್ನು ನಾನು ಬಲ್ಲೆ. ನಮ್ಮ ಬೀಗರ ಮನೆಯಲ್ಲಿ ಆ ಡಿವಿಡಿಗಳಲ್ಲಿ ಮೂರು ಈಗ ತೆರೆಯುವುದೇ ಇಲ್ಲ. ಜಮೀನಿನ ಪತ್ರದ ಜೆರಾಕ್ಸ್ ಮಾಡಿಸಿದ ಮೇಲೆ ಮೂಲವನ್ನು ಒಲೆಗೆ ಹಾಕುವವರುಂಟೇ? ಹಿಂದಕ್ಕೆ ಪೂರ್ತಿ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಒಣಗಿದ ಜಾಗದಲ್ಲಿಟ್ಟರೆ ಸಾಕು. ಒಂದು ಶೂ ಡಬ್ಬಿಯ ಜಾಗಕ್ಕೆ ಬಾಡಿಗೆ ಎಷ್ಟಾದೀತು?

ಮತ್ತೊಂದು ಮಾತು. ಟೇಪು ಸರಿಯಾಗಿ ಓಡಿದ ಮೇಲೂ ಉಳಿಯುವ ತೊಂದರೆಯೊಂದಿದೆ, ಅದನ್ನು ಯಾವ ಯಂತ್ರವೂ ಪರಿಹರಿಸದು. ತೆರೆಯ ಮೇಲೆ ಬರುವವರು ಯಾರು? ಆ ಮದುವೆಯ ಪಂಕ್ತಿಯಲ್ಲಿ ಕುಳಿತವರ ಪೈಕಿ ಅರ್ಧ ಜನರ ಹೆಸರು ನನಗೇ ತಿಳಿಯಲಿಲ್ಲ. ಅಕ್ಕನನ್ನು ವಿಡಿಯೋ ಕರೆಯಲ್ಲಿ ಕೂರಿಸಿಕೊಂಡು ಎರಡು ಸಂಜೆ ನಿಲ್ಲಿಸಿ ನಿಲ್ಲಿಸಿ ಕೇಳಿದೆ. ನಿಮಿಷ, ಸೆಕೆಂಡು ಸಹಿತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮನೆಯ ಹಿರಿಯರು ಇರುವಾಗಲೇ ಇದು ಆಗಬೇಕಾದ ಕೆಲಸ.

ಅಕ್ಕನ ಮಗಳು ಆ ಶೂ ಡಬ್ಬಿಯನ್ನು ಎಸೆಯದೆ ಡಿಸೆಂಬರಿನಲ್ಲಿ ತರುತ್ತೇನೆಂದಿದ್ದಾಳೆ. ಕ್ಯಾಮರಾ ನನ್ನ ಬಳಿಯೇ ಇದೆ, ವಿದ್ಯಾರ್ಥಿ ತನ್ನ ಹಳೆಯ ಲ್ಯಾಪ್‌ಟಾಪನ್ನೂ ಬಿಟ್ಟುಹೋಗಿದ್ದಾನೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಆ ತಂತಿಗೆ ತೂತಿಲ್ಲ. ವಿಡಿಯೋ8 ಕ್ಯಾಸೆಟ್ಟುಗಳಿದ್ದು ಅಮೆರಿಕದಲ್ಲಿ ಕೊಂಡ ಕ್ಯಾಮರಾದಿಂದ ತೆಗೆದವಾದರೆ ನೀವೂ ತನ್ನಿರಿ, ಮಳೆಗಾಲ ಬಿಟ್ಟು ಯಾವಾಗ ಬೇಕಾದರೂ. ಅಂದ ಹಾಗೆ, 1996ರ ಆ ಚಿತ್ರದಲ್ಲಿ ಹಿನ್ನೀರಿನ ಬಳಿ ಅವ್ವನ ಪಕ್ಕ ನೀಲಿ ಸೀರೆಯುಟ್ಟು, ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡ ಹೆಂಗಸೊಬ್ಬರು ನಿಂತಿದ್ದಾರೆ. ಬಾವಿಯ ಮಾತು ಬಂದಾಗ ಅವರೂ ಅತ್ತ ಕೈತೋರಿಸುತ್ತಾರೆ. ಅಕ್ಕನಿಗೂ ಗುರುತು ಹತ್ತಲಿಲ್ಲ. ನಮ್ಮ ಕಡೆಯ ಬಂಧುಗಳಲ್ಲಿ ಯಾರಿಗಾದರೂ ತಿಳಿದಿದ್ದರೆ ನನಗೆ ಹೇಳಿ ಕಳುಹಿಸಿರಿ.